ಒಲೆ ಎರಕ ಹೊಯ್ದವರ ಅರಮನೆ

ಪ್ಯಾರಿಸ್ಸಿನಿಂದ ಉತ್ತರಕ್ಕೆ ಹೊರಡುವ ರೈಲಿನಲ್ಲಿ ಸ್ಯಾಂ ಕಾಂತ್ಯಾಂ ಊರಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದರೆ ಗ್ವೀಜ್ ಸಿಗುತ್ತದೆ. ದಾರಿಯುದ್ದಕ್ಕೂ ಗೋಧಿಯ ಹೊಲ, ಸಕ್ಕರೆ ಬೀಟ್‌ರೂಟಿನ ಹೊಲ, ನಡುನಡುವೆ ಕೆಂಪಿಟ್ಟಿಗೆಯ ಸಣ್ಣ ಹಳ್ಳಿಗಳು. ಗ್ವೀಜ್ ಊರಿನ ನೆತ್ತಿಯ ಮೇಲೆ ಡ್ಯೂಕರ ಕಾಲದ ಕೋಟೆಯೊಂದಿದೆ. ಫ್ರೆಂಚ್ ಕ್ರಾಂತಿಯ ಕಮೀಯ್ ದೆಮೂಲ್ಯಾಂ ಹುಟ್ಟಿದ್ದೂ ಈ ಊರಲ್ಲೇ. ಕೋಟೆಯನ್ನು ದೂರದಿಂದಲೇ ನೋಡಿ ನಾನು ನದಿಯ ಕಡೆ ನಡೆದೆ. ನನ್ನನ್ನು ಅಷ್ಟು ದೂರ ಎಳೆದುಕೊಂಡು ಬಂದಿದ್ದು ವಾಜ್ ನದಿಯ ಬಾಗಿನಲ್ಲಿ ನಿಂತಿರುವ ಒಂದು ಕಟ್ಟಡ. ಅದರ ಹೆಸರು ಫಮಿಲಿಸ್ತೇರ್. ಕಬ್ಬಿಣದ ಒಲೆ ಮಾಡುವ ಕಾರ್ಖಾನೆಯ ಕೆಲಸಗಾರರು ತಮ್ಮ ಹೆಂಡತಿ ಮಕ್ಕಳೊಂದಿಗೆ ವಾಸವಿದ್ದ ಮನೆ ಅದು. ಕಟ್ಟಿಸಿದವನು ಅದನ್ನು ‘ಸಾಮಾಜಿಕ ಅರಮನೆ’ ಎಂದು ಕರೆದ.

ಅರಮನೆ ಎಂಬ ಮಾತು ಬರಿಯ ಅಲಂಕಾರವಲ್ಲ ಎಂದು ಚೌಕಕ್ಕೆ ಕಾಲಿಟ್ಟ ಕೂಡಲೇ ತಿಳಿಯುತ್ತದೆ. ನಡುವೆ ದೊಡ್ಡ ಸೌಧ, ಎಡಕ್ಕೊಂದು ರೆಕ್ಕೆ, ಬಲಕ್ಕೊಂದು ರೆಕ್ಕೆ. ರಾಜರು ಕಟ್ಟಿಸುತ್ತಿದ್ದ ನಮೂನೆಯೇ. ಎದುರಿಗೆ ನಾಟಕಶಾಲೆ, ಅದರ ಎರಡೂ ಬದಿಗೆ ಶಾಲೆ. ಒಳಗೆ ಹೋದೆ. ನಮ್ಮ ಕಡೆಯ ತೊಟ್ಟಿಮನೆಯನ್ನು ನಾಲ್ಕು ನೆಲೆ ಎತ್ತರಕ್ಕೆ ಏರಿಸಿ, ಅಂಗಳಕ್ಕೆ ಆಕಾಶದ ಬದಲು ಗಾಜಿನ ಮಾಡು ಹೊದಿಸಿದರೆ ಹೇಗಿರುತ್ತದೋ ಹಾಗಿತ್ತು. ಅಂಗಳದ ಸುತ್ತ ಪ್ರತಿ ಅಂತಸ್ತಿಗೂ ಉದ್ದನೆಯ ಮೊಗಸಾಲೆ, ಅದಕ್ಕೆ ತೆರೆದುಕೊಂಡ ಬಾಗಿಲುಗಳ ಸಾಲು. ಹೊರಗೆ ಮೋಡ ಮುಸುಕಿತ್ತು. ಒಳಗೆ ಮಾತ್ರ ಬೆಳಕು ಹಾಲಿನಂತೆ ಇಳಿಯುತ್ತಿತ್ತು. ಮೂಲೆಯಿಂದ ಮೂಲೆಗೆ ಓಡುವ ಮಕ್ಕಳ ಸದ್ದು, ಮೇಲಿನ ಕಟಾಂಜನದಿಂದ ಅಮ್ಮಂದಿರು ಕೂಗಿ ಕರೆಯುವ ಸದ್ದು, ಸಂಜೆ ಪಾಳಿ ಮುಗಿಸಿ ಬಂದವರ ಬೂಟಿನ ಸದ್ದು ಒಂದಾನೊಂದು ಕಾಲದಲ್ಲಿ ಇಲ್ಲಿ ಹೇಗೆ ತುಂಬಿರಬೇಕು! ಬಹಳ ಹೊತ್ತು ಅಂಗಳದ ನಡುವೆಯೇ ನಿಂತಿದ್ದೆ.

ಈ ಕಟ್ಟಡದ ಎಡ ರೆಕ್ಕೆಗೆ ಅಡಿಪಾಯ ಬಿದ್ದದ್ದು 1859ರಲ್ಲಿ. ಆ ಕಾಲದಲ್ಲಿ ಯುರೋಪಿನ ಕಾರ್ಖಾನೆ ಕೆಲಸಗಾರರು ಎಂಥ ಕತ್ತಲೆ ಕೋಣೆಗಳಲ್ಲಿ, ಎಂಥ ಒದ್ದೆ ನೆಲಮಾಳಿಗೆಗಳಲ್ಲಿ ಬದುಕುತ್ತಿದ್ದರೆಂದು ನೆನೆದರೆ ಅರಮನೆ ಎಂಬ ಹೆಸರಿನ ತೂಕ ಗೊತ್ತಾಗುತ್ತದೆ.

ಕಟ್ಟಿಸಿದಾತ ಜಾನ್ ಬಾಪ್ತಿಸ್ತ್ ಗೊದ್ಯಾಂ. ಇದೇ ಸೀಮೆಯ ಎಸ್ಕೆಹೆರಿ ಎಂಬ ಹಳ್ಳಿಯಲ್ಲಿ 1817ರಲ್ಲಿ ಹುಟ್ಟಿದ. ಅಪ್ಪ ಬೀಗ ಮಾಡುವ ಕಮ್ಮಾರ. ಹುಡುಗ ಹನ್ನೊಂದರ ವಯಸ್ಸಿಗೆ ಶಾಲೆ ಬಿಟ್ಟು ಅಪ್ಪನ ಕುಲುಮೆಗೆ ಸೇರಿದ. ಪ್ರಾಯಕ್ಕೆ ಬಂದಾಗ, ಕಸುಬು ಕಲಿತ ಹುಡುಗರ ಆಗಿನ ರೂಢಿಯಂತೆ, ಊರೂರು ತಿರುಗಿ ಕೆಲಸ ಮಾಡುತ್ತ ದೇಶ ಸುತ್ತಿದ. ಕೆಲಸಗಾರರ ದುಡಿತ ಎಷ್ಟು, ಕೈಗೆ ಬರುವುದು ಎಷ್ಟು ಎಂಬುದನ್ನು ಕಣ್ಣಾರೆ ಕಂಡ, ತಾನೂ ಉಂಡ. ಮರಳಿ ಬಂದು 1840ರಲ್ಲಿ ಎರಕದ ಕಬ್ಬಿಣದ ಒಲೆಗೆ ಪೇಟೆಂಟ್ ಪಡೆದ. ಅಲ್ಲಿಯವರೆಗೆ ಮನೆ ಬೆಚ್ಚಗಿಡುವ ಒಲೆಗಳನ್ನು ತಗಡಿನಿಂದ ಮಾಡುತ್ತಿದ್ದರು. ತಗಡು ಬೇಗ ಕಾದು ಬೇಗ ತಣಿಯುತ್ತದೆ. ಎರಕದ ಕಬ್ಬಿಣ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ವ್ಯಾಪಾರ ಬೆಳೆಯಿತು. 1846ರಲ್ಲಿ ಕಾರ್ಖಾನೆಯನ್ನು ಗ್ವೀಜ್‌ಗೆ ತಂದ. ಮುಂದೆ ಬ್ರಸೆಲ್ಸ್ ಬಳಿಯೂ ಒಂದು ಕಾರ್ಖಾನೆ ತೆರೆದ.

ಹಣ ಬಂದಮೇಲೆ ಹಳೆಯದನ್ನು ಮರೆಯುವವರೇ ಹೆಚ್ಚು. ಗೊದ್ಯಾಂ ಮರೆಯಲಿಲ್ಲ. 1842ರಲ್ಲಿ ಸ್ಥಳೀಯ ಪತ್ರಿಕೆಯೊಂದರಲ್ಲಿ ಶಾರ್ಲ್ ಫೂರಿಯೇ ಎಂಬ ಚಿಂತಕನ ವಿಚಾರಗಳ ಬಗ್ಗೆ ಓದಿದ. ಬಂಡವಾಳ, ದುಡಿಮೆ, ಪ್ರತಿಭೆ ಮೂರೂ ಸೇರಿ ಒಂದೇ ಸೂರಿನಡಿ ಬಾಳಬೇಕು, ಹುಟ್ಟಿದ ಸಂಪತ್ತನ್ನು ಮೂವರೂ ಹಂಚಿಕೊಳ್ಳಬೇಕು ಎಂಬುದು ಫೂರಿಯೇ ಕಂಡ ಕನಸು. ಆ ಕನಸನ್ನು ಅಮೆರಿಕದಲ್ಲಿ ನನಸಾಗಿಸಲು ಫೂರಿಯೇಯ ಶಿಷ್ಯ ವಿಕ್ತೋರ್ ಕೊನ್ಸಿದೆರಾಂ ಟೆಕ್ಸಾಸ್‌ನಲ್ಲಿ, ಇಂದಿನ ಡಲ್ಲಾಸ್ ನಗರದ ಪಕ್ಕದಲ್ಲಿ, ಒಂದು ವಸಾಹತು ಕಟ್ಟಲು ಹೊರಟಾಗ ಗೊದ್ಯಾಂ ತನ್ನ ಆಸ್ತಿಯ ಸುಮಾರು ಮೂರನೇ ಒಂದು ಭಾಗವನ್ನು ಕೊಟ್ಟ. ವಸಾಹತು ಕೆಲವೇ ವರ್ಷಗಳಲ್ಲಿ ಮುರಿದುಬಿತ್ತು, ಹಣ ಮುಳುಗಿತು. ಬೇರೆ ಯಾರೇ ಆಗಿದ್ದರೂ ಕನಸಿನ ಸಹವಾಸವೇ ಬೇಡವೆಂದು ಕೈ ತೊಳೆದುಕೊಳ್ಳುತ್ತಿದ್ದರು. ಗೊದ್ಯಾಂ ಮಾತ್ರ, ಇನ್ನು ಮೇಲೆ ಪರರ ಕೈಗೆ ಕೊಡುವುದಿಲ್ಲ, ನನ್ನ ಕಾರ್ಖಾನೆಯ ಪಕ್ಕದಲ್ಲಿ ನಾನೇ ಕಟ್ಟುತ್ತೇನೆ ಎಂದು ನಿಶ್ಚಯಿಸಿದ. ಸೋಲಿನಿಂದ ಇಂಥ ತೀರ್ಮಾನಕ್ಕೆ ಬಂದವರು ಚರಿತ್ರೆಯಲ್ಲಿ ವಿರಳ.

ಕಟ್ಟಡದ ಒಂದೊಂದು ವಿವರದಲ್ಲೂ ಕಮ್ಮಾರನ ಬುದ್ಧಿ ಕಾಣುತ್ತದೆ. ಕೆಳಗಿನ ಅಂತಸ್ತಿನ ಕಿಟಕಿಗಳು ಎತ್ತರ, ಮೇಲೆ ಹೋದಂತೆ ಗಿಡ್ಡ. ಮೊದಲು ನೋಡಿದಾಗ ಚೆಂದಕ್ಕೆಂದು ಮಾಡಿದ್ದು ಅನ್ನಿಸಿತ್ತು. ಕಾರಣ ಬೇರೆಯೇ ಇದೆ. ಕೆಳಗೆ ಬೆಳಕು ಕಡಿಮೆ, ಮೇಲೆ ಹೆಚ್ಚು. ಕಿಟಕಿಯ ಅಳತೆ ಬದಲಿಸಿದರೆ ಎಲ್ಲ ಮನೆಗೂ ಒಂದೇ ಬೆಳಕು. ಪ್ರತಿ ಮನೆಗೂ ಒಂದು ಕಡೆ ಅಂಗಳದ ಕಿಟಕಿ, ಇನ್ನೊಂದು ಕಡೆ ಹೊರಗಿನ ಕಿಟಕಿ; ಗಾಳಿ ಹಾದುಹೋಗಲೇಬೇಕು. ನೆಲದಡಿಯ ಸುರಂಗಗಳಿಂದ ತಂಪು ಗಾಳಿ ಅಂಗಳಕ್ಕೆ ಏರಿ ಬರುವಂತೆ ದಾರಿ ಮಾಡಿದ್ದಾನೆ. ಪ್ರತಿ ಅಂತಸ್ತಿನಲ್ಲೂ ಕುಡಿಯುವ ನೀರಿನ ನಲ್ಲಿ, ಶೌಚಾಲಯ, ಕಸ ಸುರಿಯಲು ಗೋಡೆಯೊಳಗೆ ಕೊಳವೆ. ಶ್ರೀಮಂತರ ಮನೆಯಲ್ಲಿ ಆಳುಕಾಳುಗಳು ಮಾಡಿಕೊಡುವ ಅನುಕೂಲವನ್ನು ಬಡವರಿಗೆ ಕಟ್ಟಡವೇ ಮಾಡಿಕೊಡಬೇಕು ಎಂಬುದು ಅವನ ಲೆಕ್ಕ. ಇದನ್ನು ಅವನು ‘ಸಂಪತ್ತಿಗೆ ಸಮಾನವಾದವು’ ಎಂದು ಕರೆದ. ಬೆಳಕು, ಗಾಳಿ, ನೀರು, ಶಾಲೆ, ನಾಟಕ, ಉದ್ಯಾನ, ಎಲ್ಲವೂ ಆ ಪಟ್ಟಿಯಲ್ಲಿದ್ದವು.

ಒಗೆಯುವ ಮನೆ ಮಾತ್ರ ದೂರದಲ್ಲಿ, ನದಿಯ ಬದಿಗೆ ಪ್ರತ್ಯೇಕವಾಗಿದೆ. ಒದ್ದೆ ಬಟ್ಟೆ ಮನೆಯೊಳಗೆ ಒಣಹಾಕಿದರೆ ತೇವ ಹಿಡಿಯುತ್ತದೆ, ಮಕ್ಕಳಿಗೆ ಕಾಯಿಲೆ ಬರುತ್ತದೆ ಎಂದು ಅದನ್ನು 1870ರಲ್ಲಿ ಬೇರೆಯಾಗಿ ಕಟ್ಟಿಸಿದ. ಅದೇ ಕಟ್ಟಡದಲ್ಲಿ ಈಜುಕೊಳ. ಕೊಳದ ತಳ ಮರದ ಹಲಗೆಗಳದ್ದು, ಮೇಲಕ್ಕೂ ಕೆಳಕ್ಕೂ ಸರಿಸಬಹುದು. ಪುಟ್ಟ ಮಕ್ಕಳು ಇಳಿಯುವಾಗ ತಳವನ್ನು ಮೇಲಕ್ಕೆತ್ತುತ್ತಿದ್ದರು. ನೀರನ್ನು ಬೆಚ್ಚಗೆ ಮಾಡಲು ಕಾರ್ಖಾನೆಯ ಬಿಸಿಯೇ ಸಾಕಾಗುತ್ತಿತ್ತು. ಕೊಳದ ಅಂಚಿನಲ್ಲಿ ನಿಂತು ಆ ಹಲಗೆಯ ತಳವನ್ನು ನೋಡುವಾಗ ಮೈ ಜುಮ್ಮೆಂದಿತು. ಎರಕದ ಕೆಲಸಗಾರನ ಮಗುವಿಗೆ ಈಜು ಬರಬೇಕು, ಅದೂ ಭಯವಿಲ್ಲದೆ ಬರಬೇಕು ಎಂದು 1870ರಲ್ಲಿ ಕಾರ್ಖಾನೆಯ ಧಣಿಯೊಬ್ಬ ಕುಳಿತು ಯೋಚಿಸಿದ್ದ!

ಕೂಸುಗಳಿಗೆಂದೇ ಬೇರೆ ಮನೆಯಿತ್ತು. ಅಲ್ಲಿನ ತೊಟ್ಟಿಲುಗಳಲ್ಲಿ ಹತ್ತಿಯ ಬದಲು ತೌಡು ತುಂಬಿ ಮೇಲೆ ಬಟ್ಟೆ ಹಾಸುತ್ತಿದ್ದರು. ಮಗು ಒದ್ದೆ ಮಾಡಿದರೆ ತೌಡು ಹೀರಿಕೊಂಡು ಉಂಡೆಗಟ್ಟುತ್ತದೆ, ಆ ಉಂಡೆಯನ್ನಷ್ಟೇ ತೆಗೆದುಹಾಕಿದರೆ ಸಾಕು, ಹಾಸಿಗೆ ಒಣಗಿರುತ್ತದೆ. ಶಾಲೆಯಲ್ಲಿ ಗಂಡು ಹೆಣ್ಣು ಮಕ್ಕಳು ಒಟ್ಟಿಗೆ ಕೂರುತ್ತಿದ್ದರು, ಶುಲ್ಕವಿರಲಿಲ್ಲ, ಧರ್ಮಬೋಧೆ ಇರಲಿಲ್ಲ, ಹದಿನಾಲ್ಕರವರೆಗೆ ಬರುವುದು ಕಡ್ಡಾಯ. ಫ್ರಾನ್ಸ್ ದೇಶ ಶಾಲೆಯನ್ನು ಉಚಿತ, ಕಡ್ಡಾಯ ಮಾಡಿದ್ದು ಇದಾದ ಎಷ್ಟೋ ವರ್ಷದ ಮೇಲೆ, 1881–82ರಲ್ಲಿ.

ಇಷ್ಟನ್ನು ನೋಡಿ ಬಂದವರು ಉದಾರ ಧಣಿಯೊಬ್ಬನ ದಾನದ ಕಥೆ ಎಂದುಕೊಂಡು ಮರಳಬಹುದು. ದಾನಶೀಲ ಧಣಿಗಳು ಯುರೋಪಿನಲ್ಲಿ ಬೇರೆಯೂ ಇದ್ದರು; ಕೆಲಸಗಾರರಿಗೆ ಒಳ್ಳೆಯ ಮನೆ ಕಟ್ಟಿಸಿಕೊಟ್ಟು ಮಾಲೀಕತ್ವವನ್ನು ತಮ್ಮ ಮಕ್ಕಳಿಗೆ ಬಿಟ್ಟು ಹೋದರು. ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು ಗೊದ್ಯಾಂ ಮಾಲೀಕತ್ವವನ್ನೇ ಕೈ ದಾಟಿಸಿದ ರೀತಿ. ಅದು ಗಾಜಿನ ಮಾಡಿನಂತೆ ಕಣ್ಣಿಗೆ ಬೀಳುವಂಥದ್ದಲ್ಲ. ಕಾಗದದ ಮೇಲಿನ ಲೆಕ್ಕ. ಆ ಲೆಕ್ಕ ಅರ್ಥವಾದಾಗ ಇಡೀ ಅರಮನೆ ಮತ್ತೊಮ್ಮೆ ಕಣ್ಣೆದುರು ಎದ್ದು ನಿಂತಂತಾಯಿತು.

ಆ ಲೆಕ್ಕಕ್ಕೆ ಬರುವ ಮೊದಲು ಅವನು ಎಷ್ಟೋ ಪ್ರಯೋಗ ಮಾಡಿದ. ಯಾರ ಕೆಲಸ ಮೆಚ್ಚುವಂಥದ್ದು, ಯಾರಿಗೆ ಬಹುಮಾನ ಸಲ್ಲಬೇಕು ಎಂದು ಕೆಲಸಗಾರರಿಂದಲೇ ಮತ ಹಾಕಿಸಿದ. 1877ರಲ್ಲಿ ಕಾರ್ಖಾನೆಯ, ವಸತಿಯ ಒಂದೊಂದು ಕೆಲಸಕ್ಕೂ ಒಂದೊಂದು ಗುಂಪು ಕಟ್ಟಿಸಿದ. ಗಂಡಸರೂ ಹೆಂಗಸರೂ ತಮಗೆ ಇಷ್ಟವಾದ ಗುಂಪಿಗೆ ಸೇರಿ, ಆ ಕೆಲಸವನ್ನು ಹೇಗೆ ಸುಧಾರಿಸಬಹುದೆಂದು ಚರ್ಚಿಸಬೇಕು. ಗುಂಪುಗಳು ಹೆಚ್ಚು ಕಾಲ ಬಾಳಲಿಲ್ಲ. ದಿನವಿಡೀ ಕುಲುಮೆಯ ಮುಂದೆ ಬೆಂದು ಬಂದವನಿಗೆ ಸಂಜೆ ಸಭೆಯಲ್ಲಿ ಕೂರುವ ಚೈತನ್ಯ ಎಲ್ಲಿಂದ ಬರಬೇಕು? ಅದೂ ಅಲ್ಲದೆ, ಧಣಿ ಧಣಿಯಾಗಿಯೇ ಇರುವಾಗ ಆಳುಗಳ ಸಲಹೆ ಸಲಹೆಯಷ್ಟೇ. ಒಡೆತನ ಬದಲಾಗದೆ ಆಡಳಿತ ಬದಲಾಗದು ಎಂಬುದು ಈ ಪ್ರಯೋಗಗಳಿಂದ ಅವನಿಗೆ ಮನದಟ್ಟಾಗಿರಬೇಕು ಎಂದು ನನ್ನ ಊಹೆ. ಮೊದಲ ಹೆಂಡತಿಯೊಂದಿಗಿನ ಆಸ್ತಿವ್ಯಾಜ್ಯವೂ ಅದೇ ಹೊತ್ತಿಗೆ ತೀರಿ ಅವನ ಕೈ ಬಿಡುವಾಯಿತು.

1880ರ ಆಗಸ್ಟ್‌ನಲ್ಲಿ ‘ಬಂಡವಾಳ ಮತ್ತು ದುಡಿಮೆಯ ಸಹಕಾರಿ ಸಂಘ’ ಸ್ಥಾಪನೆಯಾಯಿತು. ಕಾರ್ಖಾನೆ, ಅರಮನೆ, ಅಂಗಡಿ, ಶಾಲೆ ಎಲ್ಲವೂ ಸಂಘಕ್ಕೆ ಸೇರಿದವು. ಅದರ ಕಟ್ಟಳೆ ಹೀಗೆ: ವರ್ಷದ ಗಳಿಕೆಯಿಂದ ಮೊದಲು ಯಂತ್ರ, ಕಟ್ಟಡಗಳ ಸವಕಳಿಗೆಂದು ತೆಗೆದಿಡಬೇಕು. ಕಾಯಿಲೆ ಬಿದ್ದವರ ನಿಧಿಗೆ, ಮುಪ್ಪಾದವರ ನಿಧಿಗೆ, ಶಾಲೆಗೆ ಕೊಡಬೇಕು. ಬಂಡವಾಳಕ್ಕೆ ಶೇ. 5 ಬಡ್ಡಿ ಕೊಡಬೇಕು. ಉಳಿದದ್ದು ಲಾಭ. ಅದರ ಕಾಲು ಭಾಗ ಆಪದ್ಧನಕ್ಕೆ, ಕಾಲು ಭಾಗ ಆಡಳಿತ ನಡೆಸುವವರಿಗೆ ಮತ್ತು ವಿಶೇಷ ಪ್ರತಿಭೆ ತೋರಿದವರಿಗೆ. ಮಿಕ್ಕ ಅರ್ಧವನ್ನು ಬಂಡವಾಳವೂ ದುಡಿಮೆಯೂ ಹಂಚಿಕೊಳ್ಳಬೇಕು.

ಹೇಗೆ ಹಂಚಿಕೊಳ್ಳಬೇಕು ಎಂಬಲ್ಲೇ ಇರುವುದು ಜಾಣ್ಮೆ. ವರ್ಷಕ್ಕೆ 1,000 ಫ್ರಾಂಕ್ ಕೂಲಿ ಪಡೆಯುವ ಒಬ್ಬನನ್ನೂ 1,000 ಫ್ರಾಂಕ್ ಬಂಡವಾಳ ಹೂಡಿದ ಇನ್ನೊಬ್ಬನನ್ನೂ ಊಹಿಸಿಕೊಳ್ಳಿ. ಸಾಮಾನ್ಯ ಕಂಪನಿಯಲ್ಲಿ ಲಾಭವೆಲ್ಲ ಎರಡನೆಯವನದೇ. ಗೊದ್ಯಾಂ ಕೇಳಿದ್ದು: ಕೂಲಿ ದುಡಿಮೆಯ ವರ್ಷದ ಬೆಲೆಯಾದರೆ ಬಂಡವಾಳದ ವರ್ಷದ ಬೆಲೆ ಯಾವುದು? ಬಡ್ಡಿ ತಾನೆ? ಹಾಗಾದರೆ ಕೂಲಿಗೆ ಎದುರಾಗಿ ಬಡ್ಡಿಯನ್ನು ಇಟ್ಟು ತೂಗಬೇಕು, ಅಸಲನ್ನಲ್ಲ. 1,000 ಫ್ರಾಂಕಿನ ಬಡ್ಡಿ 50 ಫ್ರಾಂಕ್. ಆದ್ದರಿಂದ ಕೆಲಸಗಾರನಿಗೆ 20 ಪಾಲು ಸಂದರೆ ಹಣ ಹೂಡಿದವನಿಗೆ ಒಂದು ಪಾಲು. ಅರ್ಥಶಾಸ್ತ್ರದ ದಪ್ಪ ಪುಸ್ತಕಗಳು ಮಾಡಲಾಗದ್ದನ್ನು ಹನ್ನೊಂದಕ್ಕೆ ಶಾಲೆ ಬಿಟ್ಟವನ ಈ ಒಂದು ಪ್ರಶ್ನೆ ಮಾಡಿತು.

ಮುಂದಿನ ಹೆಜ್ಜೆ ಇನ್ನೂ ಸೊಗಸು. ಕೆಲಸಗಾರನ ಪಾಲನ್ನು ನಗದಾಗಿ ಕೈಗೆ ಕೊಡುತ್ತಿರಲಿಲ್ಲ, ಅವನ ಹೆಸರಿಗೆ ಉಳಿತಾಯ ಪತ್ರ ಬರೆದುಕೊಡುತ್ತಿದ್ದರು. ಆ ನಗದು ಗೊದ್ಯಾಂನ ಪಾಲು ಬಂಡವಾಳವನ್ನು ಕೊಳ್ಳಲು ಹೋಗುತ್ತಿತ್ತು. ಅಂದರೆ ಪ್ರತಿ ವರ್ಷ ಲಾಭ ಬಂದಾಗಲೂ ಕಾರ್ಖಾನೆಯ ಒಂದಿಷ್ಟು ಧಣಿಯ ಕೈಯಿಂದ ಜಾರಿ ಕೆಲಸಗಾರರ ಕೈ ಸೇರುತ್ತಿತ್ತು. ಯಾರ ಆಸ್ತಿಯನ್ನೂ ಕಿತ್ತುಕೊಳ್ಳಲಿಲ್ಲ, ಯಾರಿಗೂ ಭಿಕ್ಷೆ ಹಾಕಲಿಲ್ಲ. ತಮ್ಮ ಕಾರ್ಖಾನೆಯನ್ನು ತಮ್ಮ ಬೆವರಿನಿಂದಲೇ ಕೊಂಡರು. 1894ರ ಹೊತ್ತಿಗೆ ಇಡೀ ಬಂಡವಾಳ ಕೆಲಸಗಾರರದಾಗಿತ್ತು.

ಅಲ್ಲಿಗೆ ನಿಂತಿದ್ದರೆ ಆ ತಲೆಮಾರಿನವರು ಹೊಸ ಧಣಿಗಳಾಗಿ ಕೂತುಬಿಡುತ್ತಿದ್ದರು. ಅದಕ್ಕೂ ಕಟ್ಟಳೆಯಲ್ಲಿ ಉಪಾಯವಿತ್ತು. ಧಣಿಯ ಪಾಲು ಮುಗಿದ ಮೇಲೆ, ಎಲ್ಲಕ್ಕಿಂತ ಹಳೆಯ ಪತ್ರಗಳಿಗೆ ನಗದು ಕೊಟ್ಟು ವಾಪಸು ಪಡೆಯುವುದು, ಆ ಜಾಗದಲ್ಲಿ ಈಗ ದುಡಿಯುತ್ತಿರುವವರಿಗೆ ಹೊಸ ಪತ್ರ ಕೊಡುವುದು. ಒಡೆತನ ಯಾವಾಗಲೂ ಕುಲುಮೆಯ ಮುಂದೆ ನಿಂತವರ ಹಿಂದೆಯೇ ಹರಿದು ಬರುತ್ತಿತ್ತು.

ಆಡಳಿತದ ವಿಷಯ. ಸಂಘದಲ್ಲಿ ಮೆಟ್ಟಿಲುಗಳಿದ್ದವು. ಮೇಲಿನ ಮೆಟ್ಟಿಲಿನವರು ‘ಸಹಭಾಗಿಗಳು’: ವಯಸ್ಸು 25 ಆಗಿರಬೇಕು, ಐದು ವರ್ಷ ಅರಮನೆಯಲ್ಲಿ ವಾಸವಿದ್ದು ದುಡಿದಿರಬೇಕು, ಓದು ಬರಹ ಬರಬೇಕು, 500 ಫ್ರಾಂಕಿನ ಪಾಲು ಇರಬೇಕು. ಲಾಭ ಹಂಚುವಾಗ ಇವರ ಕೂಲಿಯನ್ನು ಎರಡರಷ್ಟಾಗಿ ಎಣಿಸುತ್ತಿದ್ದರು. ಅವರ ಕೆಳಗಿನವರಿಗೆ ಒಂದೂವರೆಯಷ್ಟು, ಅವರ ಕೆಳಗಿನವರಿಗೆ ಇದ್ದಷ್ಟೇ. ಕೊನೆಯಲ್ಲಿ ‘ಸಹಾಯಕರು’, ಅವರಿಗೆ ಸದಸ್ಯತ್ವವಿಲ್ಲ. ಸಹಭಾಗಿಗಳ ಸಭೆಯೇ ಮುಖ್ಯಸ್ಥನನ್ನು ಆರಿಸುತ್ತಿತ್ತು. ಲೆಕ್ಕ ನೋಡುವ ಮಂಡಳಿಯನ್ನೂ ಆರಿಸುತ್ತಿತ್ತು. ಕಾಯಿಲೆಯ ನಿಧಿಯನ್ನು ಚುನಾಯಿತ ಸಮಿತಿ ನಡೆಸುತ್ತಿತ್ತು. ಹೆಂಗಸರಿಗೂ ಸದಸ್ಯರಾಗುವ, ಮತ ಹಾಕುವ ಹಕ್ಕು ಇತ್ತು. ಸಂಘ ಹುಟ್ಟುವ ಮೊದಲೇ, 1860ರ ದಶಕದಲ್ಲೇ, ಹನ್ನೆರಡು ಗಂಡಸರ ಒಂದು ಮಂಡಳಿ, ಹನ್ನೆರಡು ಹೆಂಗಸರ ಒಂದು ಮಂಡಳಿ ಇಲ್ಲಿ ಚುನಾವಣೆಯಿಂದ ಬಂದಿದ್ದವು. ಫ್ರಾನ್ಸಿನ ಹೆಂಗಸರು ದೇಶದ ಚುನಾವಣೆಯಲ್ಲಿ ಮೊದಲ ಬಾರಿ ಮತ ಹಾಕಿದ್ದು 1945ರಲ್ಲಿ!

ಗೊದ್ಯಾಂ ತೀರಿಕೊಂಡದ್ದು 1888ರ ಜನವರಿ 15ರಂದು. ಅವನ ಎಲ್ಲ ಕೆಲಸದಲ್ಲೂ ಜೊತೆಗಿದ್ದ, ಶಾಲೆಗಳನ್ನು ಬೆಳೆಸಿದ ಮಾರೀ ಮೊರೇ ಕೆಲ ತಿಂಗಳು ಆಡಳಿತ ಹಿಡಿದು, ಆಮೇಲೆ ಮುಂದಿನ ಮುಖ್ಯಸ್ಥ ಫ್ರಾಂಸ್ವಾ ದೆಕೆನ್‌ಗೆ ಒಪ್ಪಿಸಿದಳು. ಸಂಸ್ಥಾಪಕ ಸತ್ತರೆ ಸಂಸ್ಥೆಯೂ ಸಾಯುತ್ತದೆ ಎಂದು ಕಾದಿದ್ದವರಿಗೆ ನಿರಾಸೆಯಾಯಿತು. 1914ರಲ್ಲಿ ಯುದ್ಧ ಊರಿಗೇ ಬಂದು ಎಡ ರೆಕ್ಕೆ ಸುಟ್ಟುಹೋಯಿತು, ಕಾರ್ಖಾನೆ ಜರ್ಮನ್ ಸೈನ್ಯದ ವಶವಾಯಿತು. ಯುದ್ಧ ಮುಗಿದ ಮೇಲೆ ಕೆಲಸಗಾರರು ಮತ್ತೆ ಕಾರ್ಖಾನೆ ಎಬ್ಬಿಸಿದರು, 1920ರ ದಶಕದಲ್ಲಿ ಎಡ ರೆಕ್ಕೆಯನ್ನೂ ಮರಳಿ ಕಟ್ಟಿದರು. ಇವತ್ತು ಚೌಕದಲ್ಲಿ ನಿಂತು ಎರಡು ರೆಕ್ಕೆಗಳನ್ನು ಹೋಲಿಸಿದರೆ ಎಡಗಡೆಯದರ ಮುಖದಲ್ಲಿ ಆ ಹೊಸತನ ಕಾಣುತ್ತದೆ.

ಟೀಕೆಗಳು ಬರದೆ ಇರಲಿಲ್ಲ. ಒಂದೇ ಸೂರಿನಡಿ ಇಷ್ಟು ಜನ ವಾಸವಿರುವುದು ಸಿಪಾಯಿಗಳ ಠಾಣೆಯಂತೆ ಎಂದು ಕೆಲವರು ಹಂಗಿಸಿದರು. ಕಟ್ಟಡದಲ್ಲಿ ಕಾವಲುಗಾರರಿರಲಿಲ್ಲ ನಿಜ. ಆದರೆ ಮೊಗಸಾಲೆಯಲ್ಲಿ ನಿಂತರೆ ಎಲ್ಲರ ಬಾಗಿಲೂ ಎಲ್ಲರಿಗೂ ಕಾಣುತ್ತದೆ, ಆ ಕಣ್ಣುಗಳೇ ಕಾವಲು. ನನಗೂ ಅಂಗಳದಲ್ಲಿ ಒಂದು ಗಳಿಗೆ ಆ ಇರಿಸುಮುರಿಸು ಆಗದೇ ಇರಲಿಲ್ಲ. ಎಂಗೆಲ್ಸ್ 1887ರಲ್ಲಿ, ಕೊನೆಗೆ ಇದೂ ಕೆಲಸಗಾರರ ಶೋಷಣೆಯ ಜಾಗವೇ ಆಯಿತು ಎಂಬ ಅರ್ಥದ ಮಾತು ಬರೆದ. ಕಾರ್ಖಾನೆ ಆಗಲೇ ಕೆಲಸಗಾರರ ಕೈಗೆ ದಾಟುತ್ತಿದ್ದಾಗ ಆಡಿದ ಈ ಮಾತು ಅನ್ಯಾಯದ್ದು ಎಂದೇ ನನ್ನ ಅಭಿಪ್ರಾಯ. ಎಮಿಲ್ ಜೋಲಾ ಮಾತ್ರ 1901ರಲ್ಲಿ ಹೊರಬಂದ ತನ್ನ ‘ತ್ರವಾಯ್’ ಕಾದಂಬರಿಗೆ ಇಲ್ಲಿಂದ ಸ್ಫೂರ್ತಿ ಪಡೆದ.

ನಿಜವಾದ ಬಿರುಕು ಬೇರೆ ಕಡೆ ಇತ್ತು, ಅದನ್ನು ಮುಚ್ಚಿಟ್ಟು ಹೊಗಳಿದರೆ ಈ ಜಾಗಕ್ಕೆ ದ್ರೋಹ ಮಾಡಿದಂತೆ. ಸಹಭಾಗಿಯಾಗಲು ಅರಮನೆಯಲ್ಲಿ ಮನೆ ಬೇಕು. ಮನೆಗಳು ಇದ್ದದ್ದು ಸುಮಾರು ಐನೂರು, ಕೆಲಸಗಾರರು ಅದಕ್ಕಿಂತ ಬಹಳ ಹೆಚ್ಚು. ಖಾಲಿಯಾದ ಮನೆ ಒಳಗಿನವರ ಮಕ್ಕಳಿಗೇ ಸಿಗತೊಡಗಿತು. ಕಾಲ ಕಳೆದಂತೆ ಒಳಗಿನವರದೊಂದು ವರ್ಗ, ನದಿಯಾಚೆ ಊರಲ್ಲಿ ಬಾಡಿಗೆಗಿದ್ದ ಸಹಾಯಕರದೊಂದು ವರ್ಗವಾಯಿತು. ಒಂದೇ ಕುಲುಮೆಯ ಮುಂದೆ ಒಂದೇ ಎರಕ ಹೊಯ್ಯುವ ಇಬ್ಬರಲ್ಲಿ ಒಬ್ಬ ಒಡೆಯ, ಇನ್ನೊಬ್ಬ ಕೂಲಿ. ಅಂಥ ಮನೆಯಲ್ಲಿ ಒಗ್ಗಟ್ಟು ಎಷ್ಟು ದಿನ ಉಳಿದೀತು? ಹೊಸ ಬಗೆಯ ಹೀಟರ್‌ಗಳು ಮಾರುಕಟ್ಟೆಗೆ ಬಂದು ಕಲ್ಲಿದ್ದಲ ಒಲೆಯ ವ್ಯಾಪಾರ ಕುಸಿದಾಗ, ಎದುರಿಸಿ ನಿಲ್ಲುವ ಕಸುವು ಸಂಘಕ್ಕೆ ಉಳಿದಿರಲಿಲ್ಲ. 1968ರ ಜೂನ್‌ನಲ್ಲಿ ಸಹಭಾಗಿಗಳೇ ಸಂಘವನ್ನು ವಿಸರ್ಜಿಸಿದರು. ಪ್ಯಾರಿಸ್ಸಿನಲ್ಲಿ ಕೆಲಸಗಾರರು ಕಾರ್ಖಾನೆಗಳನ್ನು ವಶಪಡಿಸಿಕೊಂಡು ಸ್ವಯಂ ಆಡಳಿತದ ಘೋಷಣೆ ಕೂಗಿದ ಆ ಮೇ ತಿಂಗಳಿನ ಮರುತಿಂಗಳೇ ಇದು ನಡೆಯಿತು ಎಂಬುದನ್ನು ಓದಿ ನನಗೆ ಸಂಕಟವಾಯಿತು. ಕಾರ್ಖಾನೆ ಎಲ್ಲ ಕಂಪನಿಗಳಂತೆ ಇನ್ನೊಂದು ಕಂಪನಿಯಾಯಿತು. ಮನೆಗಳು ಒಂದೊಂದಾಗಿ ಮಾರಾಟವಾದವು.

ಸೇತುವೆ ದಾಟಿದರೆ ಕಾರ್ಖಾನೆ ಈಗಲೂ ಇದೆ. ಗೊದ್ಯಾಂ ಹೆಸರಿನ ಒಲೆಗಳು ಈಗಲೂ ಅಲ್ಲಿ ತಯಾರಾಗುತ್ತವೆ. ಅರಮನೆ 1991ರಲ್ಲಿ ಸಂರಕ್ಷಿತ ಸ್ಮಾರಕವಾಯಿತು, ಆಮೇಲೆ ಅದರ ಬಹುಭಾಗ ವಸ್ತುಸಂಗ್ರಹಾಲಯವಾಗಿದೆ. ಕೆಲವು ಮನೆಗಳಲ್ಲಿ ಜನ ವಾಸವೂ ಇದ್ದಾರೆ. 1867ರಲ್ಲಿ ಗೊದ್ಯಾಂ ಆರಂಭಿಸಿದ ದುಡಿಮೆಯ ಹಬ್ಬವನ್ನು ಇಂದಿಗೂ ಮೇ ತಿಂಗಳಲ್ಲಿ ಆಚರಿಸುತ್ತಾರೆ.

ಪ್ಯಾರಿಸ್ಸಿಗೆ ಹೋಗುವ ನಮ್ಮವರು ವರ್ಸೇಲ್ಸ್ ಅರಮನೆಗೆ ಒಂದು ದಿನ ಎತ್ತಿಡುತ್ತಾರೆ. ಇನ್ನೊಂದು ದಿನವನ್ನು ಗ್ವೀಜ್‌ಗೆ ಎತ್ತಿಡಿ. ಈಜುಕೊಳ ನೋಡಿ, ಕಿಟಕಿಗಳ ಅಳತೆ ನೋಡಿ, ಗಾಜಿನ ಮಾಡಿನ ಕೆಳಗೆ ನಿಲ್ಲಿ. ಅದಾದ ಮೇಲೆ ಅಲ್ಲಿನವರನ್ನು 1880ರ ಕಟ್ಟಳೆಯ ಬಗ್ಗೆಯೂ ಕೇಳಿ. ಕೂಲಿಕಾರರಿಗೆ ಕಾರ್ಖಾನೆ ನಡೆಸಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ, ಗ್ವೀಜ್‌ನವರು 88 ವರ್ಷ ನಡೆಸಿದರು ಎಂದು ಅವರಿಗೆ ತಿಳಿಸಿ.